ಚೂಪು ಪರದೆಯ ಲ್ಯಾಪ್‌ಟಾಪ್, ಸಾದಾ ಮಾನಿಟರ್: ಎರಡನ್ನೂ ಜೋಡಿಸಿದಾಗ ಅಕ್ಷರ ಮಸುಕಾಗುವುದೇಕೆ?

ಲ್ಯಾಪ್‌ಟಾಪ್ ಹೊಸದು: 14 ಇಂಚಿನ ಪರದೆ, 2880×1800 ಪಿಕ್ಸೆಲ್. ಮೇಜಿನ ಮೇಲೆ ಮೊದಲಿನಿಂದ ಇರುವ ಮಾನಿಟರ್ 24 ಇಂಚಿನದು, 1920×1080. ಕೇಬಲ್ ಚುಚ್ಚಿದ ಕೂಡಲೇ ತಕರಾರು ಶುರು. ವಿಂಡೋ ಒಂದನ್ನು ಈ ಪರದೆಯಿಂದ ಆ ಪರದೆಗೆ ಎಳೆದರೆ ನಡುದಾರಿಯಲ್ಲಿ ದಿಢೀರನೆ ಹಿಗ್ಗುತ್ತದೆ, ಕೆಲವು ತಂತ್ರಾಂಶಗಳ ಅಕ್ಷರ ಮಂಜಾಗುತ್ತದೆ, ಮೌಸ್ ಬಾಣ ಪರದೆಯ ಅಂಚಿನಲ್ಲಿ ಸಿಕ್ಕಿಕೊಂಡು ಆಚೆ ದಾಟುವುದೇ ಇಲ್ಲ. ಮಾನಿಟರ್ ಹಳತಾಯಿತು ಎಂದು ಬೈದುಕೊಳ್ಳುವವರೇ ಹೆಚ್ಚು. ಹೆಚ್ಚಿನ ಸಲ ಮಾನಿಟರ್‌ನದ್ದು ತಪ್ಪಿರುವುದಿಲ್ಲ.

ಮೊದಲು ಒಂದು ಲೆಕ್ಕ. ಪರದೆಯ ಅಗಲ ಮತ್ತು ಎತ್ತರದ ಪಿಕ್ಸೆಲ್ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಕರ್ಣದ ಇಂಚುಗಳಿಂದ ಭಾಗಿಸಿದರೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದು ಸಿಗುತ್ತದೆ. ಇದೇ ಪಿಪಿಐ. ಮೇಲಿನ ಲ್ಯಾಪ್‌ಟಾಪಿಗೆ ಅದು ಸುಮಾರು 243, ಮಾನಿಟರ್‌ಗೆ ಸುಮಾರು 92. ಅಂದರೆ 24 ಪಿಕ್ಸೆಲ್ ಅಗಲದ ಐಕಾನ್ ಮಾನಿಟರ್ ಮೇಲೆ 6.6 ಮಿಲಿಮೀಟರ್ ಇದ್ದರೆ, ಅದೇ 24 ಪಿಕ್ಸೆಲ್ ಲ್ಯಾಪ್‌ಟಾಪ್ ಮೇಲೆ ಎರಡೂವರೆ ಮಿಲಿಮೀಟರ್. ಅಷ್ಟು ಸಣ್ಣದನ್ನು ಬೆರಳಲ್ಲಿ ಮುಟ್ಟುವುದಿರಲಿ, ಕಣ್ಣಲ್ಲಿ ಹುಡುಕುವುದೇ ಕಷ್ಟ. ಅದಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಲ್ಯಾಪ್‌ಟಾಪ್ ಪರದೆಗೆ ಸ್ಕೇಲ್ ಹಾಕುತ್ತದೆ. ಸ್ಕೇಲ್ 200% ಎಂದರೆ ತಂತ್ರಾಂಶ 24 ಎಂದು ಲೆಕ್ಕ ಹಾಕಿದ ಕಡೆ 48 ಪಿಕ್ಸೆಲ್ ಬಳಕೆಯಾಗುತ್ತದೆ. ಮಾನಿಟರ್‌ಗೆ 100% ಸಾಕು. ತೊಂದರೆ ಹುಟ್ಟುವುದು ಈ ಎರಡು ಸಂಖ್ಯೆಗಳ ನಡುವೆ: ಒಂದೇ ತಂತ್ರಾಂಶ, ಒಂದೇ ಹೊತ್ತಿನಲ್ಲಿ, ಎರಡು ಅಳತೆಗಳಲ್ಲಿ ಬದುಕಬೇಕು.

ಮಾನಿಟರ್ ಮೇಲಿನ ಅಕ್ಷರವನ್ನು ಲ್ಯಾಪ್‌ಟಾಪಿನಷ್ಟು ನುಣುಪಾಗಿಸುವ ಸೆಟ್ಟಿಂಗ್ ಯಾವುದೂ ಇಲ್ಲ. ಇಲ್ಲದ ಪಿಕ್ಸೆಲ್ ಎಲ್ಲಿಂದ ಬರಬೇಕು? ನಮ್ಮ ಕೈಯಲ್ಲಿರುವುದು ಎರಡೇ: ಅಕ್ಷರದ ಗಾತ್ರ ಎರಡೂ ಕಡೆ ಕಣ್ಣಿಗೆ ಒಂದೇ ಎನಿಸುವಂತೆ ಹೊಂದಿಸುವುದು, ಮತ್ತು ಬರೆದು ಮುಗಿದ ಚಿತ್ರವನ್ನು ಎಳೆದು ಹಿಗ್ಗಿಸುವ ಕೆಲಸ ಎಲ್ಲೂ ಆಗದಂತೆ ನೋಡಿಕೊಳ್ಳುವುದು. ಮಸುಕು ಹುಟ್ಟುವುದು ಬಹುಪಾಲು ಈ ಹಿಗ್ಗಿಸುವಿಕೆಯಿಂದ.

ಗಾತ್ರದ ವಿಷಯದಲ್ಲಿ 200% ಮತ್ತು 100% ಜೋಡಿ ಕಾಗದದ ಮೇಲೆ ತಪ್ಪಾಗಿ ಕಾಣುತ್ತದೆ. ಸಾಂದ್ರತೆಯ ಅನುಪಾತ 2.6, ನಾವು ಹಾಕಿದ್ದು 2. 100% ಲೆಕ್ಕದ 96 ಪಿಕ್ಸೆಲ್ ಲ್ಯಾಪ್‌ಟಾಪಿನಲ್ಲಿ 2 ಸೆಂಟಿಮೀಟರ್ ಆದರೆ ಮಾನಿಟರ್‌ನಲ್ಲಿ ಸುಮಾರು 2.7. ಆದರೆ ಲ್ಯಾಪ್‌ಟಾಪನ್ನು ನಾವು ಸುಮಾರು 50 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ, ಮಾನಿಟರನ್ನು 65ರಿಂದ. ದೂರದಿಂದ ಭಾಗಿಸಿ ನೋಡಿದರೆ ಕಣ್ಣಿಗೆ ಬೀಳುವ ಗಾತ್ರ ಹೆಚ್ಚುಕಡಿಮೆ ಸಮ. ಹಾಗಾಗಿ ಸ್ಕೇಲ್ ತಿರುಚುವ ಮುನ್ನ ಮಾನಿಟರನ್ನು ಒಂದು ಗೇಣು ಹಿಂದಕ್ಕೆ ಸರಿಸಿ ನೋಡಿ. 27 ಇಂಚಿನ 1080ಪಿ, ಅಂದರೆ 1920×1080ರ ಮಾನಿಟರ್ ಆದರೆ ಸಾಂದ್ರತೆ 82ಕ್ಕೆ ಇಳಿಯುತ್ತದೆ. ಅದನ್ನು ಮುಕ್ಕಾಲು ಮೀಟರ್ ಆಚೆ ಇಟ್ಟರೇ ಸರಿ.

ಮಾಡಬಾರದ್ದೊಂದಿದೆ. ಎರಡೂ ಪರದೆ ಸಮ ಇರಲಿ ಎಂದು ಲ್ಯಾಪ್‌ಟಾಪಿನ ರೆಸಲ್ಯೂಶನ್ನನ್ನೇ 1920×1200ಕ್ಕೆ ಇಳಿಸುವವರಿದ್ದಾರೆ. ಆಗ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದೂವರೆ ಪಿಕ್ಸೆಲ್‌ನಲ್ಲಿ ಕೂರಬೇಕು. ಅರ್ಧ ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ಪಕ್ಕದ ಬಣ್ಣಗಳನ್ನು ಕಲಸಿ ತುಂಬಿಸಲಾಗುತ್ತದೆ, ದುಡ್ಡು ಕೊಟ್ಟು ತಂದ ಪರದೆಯೇ ಮಸುಕಾಗುತ್ತದೆ. ರೆಸಲ್ಯೂಶನ್ ಯಾವತ್ತೂ ಪರದೆಯ ಸಹಜ ಸಂಖ್ಯೆಯಲ್ಲೇ ಇರಲಿ, ಬದಲಿಸುವುದಿದ್ದರೆ ಸ್ಕೇಲ್ ಬದಲಿಸಿ. ಮೀಟಿಂಗ್ ಕೋಣೆಯಲ್ಲಿ 'ಡುಪ್ಲಿಕೇಟ್' ಆರಿಸಿದಾಗ ಅಕ್ಷರ ಕೆಡುವುದೂ ಇದೇ ಕಾರಣಕ್ಕೆ. ಎರಡೂ ಪರದೆಗೆ ಒಂದೇ ರೆಸಲ್ಯೂಶನ್ ಬೇಕಾಗಿ ಲ್ಯಾಪ್‌ಟಾಪ್ 1080ಕ್ಕೆ ಇಳಿಯುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಬರಬಹುದು. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿಕೊಳ್ಳಿ.

ವಿಂಡೋಸ್: ತಂತ್ರಾಂಶಕ್ಕೆ ಎಷ್ಟು ಗೊತ್ತು ಎಂಬುದೇ ಪ್ರಶ್ನೆ

ಪರದೆಗೊಂದು ಸ್ಕೇಲ್ ಎಂಬ ಸೌಲಭ್ಯ ವಿಂಡೋಸ್‌ಗೆ ಬಂದದ್ದು 2013ರ 8.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಬರೆದ ತಂತ್ರಾಂಶಗಳಿಗೆ ಎರಡು ಸ್ಕೇಲ್ ಇರಬಹುದೆಂಬ ಕಲ್ಪನೆಯೇ ಇಲ್ಲ. ಹೀಗಾಗಿ ವಿಂಡೋಸ್ ಪ್ರತಿ ತಂತ್ರಾಂಶವನ್ನೂ ಅದರ ತಿಳಿವಳಿಕೆಯ ಮಟ್ಟ ನೋಡಿ ನಡೆಸಿಕೊಳ್ಳುತ್ತದೆ.

ಏನೂ ತಿಳಿಯದವು 'ಅನ್‌ಅವೇರ್'. ಇವು ಯಾವಾಗಲೂ 100% ಎಂದುಕೊಂಡೇ ಚಿತ್ರ ಬರೆಯುತ್ತವೆ. 200% ಪರದೆಗೆ ಬಂದಾಗ ವಿಂಡೋಸ್ ಆ ಚಿತ್ರವನ್ನು ಹಿಡಿದು ಎರಡು ಪಟ್ಟು ಎಳೆಯುತ್ತದೆ. 'ಸಿಸ್ಟಮ್' ಮಟ್ಟದವು ಒಂದೇ ಒಂದು ಸ್ಕೇಲ್ ತಿಳಿದಿರುತ್ತವೆ: ನೀವು ಸೈನ್ ಇನ್ ಆದ ಹೊತ್ತಿನಲ್ಲಿ ಮುಖ್ಯ ಪರದೆಯದ್ದು. 'ಪರ್-ಮಾನಿಟರ್' ಮಟ್ಟದವು ಪರದೆ ಬದಲಾದಾಗ ವಿಂಡೋಸ್‌ನಿಂದ ಸಂದೇಶ ಪಡೆದು ತಾವೇ ಹೊಸದಾಗಿ ಬರೆದುಕೊಳ್ಳುತ್ತವೆ. ಇದರ ಎರಡನೇ ಆವೃತ್ತಿ 2017ರಲ್ಲಿ ವಿಂಡೋಸ್ 10ಕ್ಕೆ ಸೇರಿತು. ಮೆನು, ಡೈಲಾಗ್, ವಿಂಡೋದ ತಲೆಪಟ್ಟಿ ಎಲ್ಲವೂ ತಾವಾಗಿ ಸರಿಹೊಂದುವುದು ಅಲ್ಲಿಂದ. ಎಳೆಯುವಾಗ ವಿಂಡೋ ನಡುದಾರಿಯಲ್ಲಿ ಜಿಗಿಯುತ್ತದಲ್ಲ, ಅದು ಇಂಥ ತಂತ್ರಾಂಶ. ವಿಂಡೋದ ಹೆಚ್ಚಿನ ಭಾಗ ಆಚೆ ದಾಟಿದ ಕ್ಷಣ ಅಳತೆ ಬದಲಾಗುತ್ತದೆ. ಅದು ದೋಷವಲ್ಲ, ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಯಾವ ತಂತ್ರಾಂಶ ಯಾವ ಮಟ್ಟದ್ದು ಎಂದು ಊಹಿಸಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಡೀಟೇಲ್ಸ್' ಭಾಗಕ್ಕೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಕಾಲಮ್ಸ್'ನಲ್ಲಿ 'ಡಿಪಿಐ ಅವೇರ್‌ನೆಸ್' (ಸ್ಕೇಲ್‌ನ ತಿಳಿವಳಿಕೆ) ಗುರುತು ಹಾಕಿ. ಮಸುಕಾಗಿರುವ ತಂತ್ರಾಂಶದ ಎದುರು ಏನಿದೆ ನೋಡಿ. ಮುಂದಿನ ದಾರಿ ಅದನ್ನೇ ಅವಲಂಬಿಸಿದೆ.

ಅನ್‌ಅವೇರ್ ಎಂದಿದ್ದರೆ ಅದರ ಜಾಗ ಮಾನಿಟರ್. ಅಲ್ಲಿ 100% ಇರುವುದರಿಂದ ಎಳೆದಾಟವೇ ಇಲ್ಲ, ಅಕ್ಷರ ಸ್ಫುಟ. ಹಳೆಯ ಲೆಕ್ಕಪತ್ರದ ತಂತ್ರಾಂಶ, ಹತ್ತು ಹದಿನೈದು ವರ್ಷದ ಹಿಂದಿನ ಟೈಪಿಂಗ್ ಉಪಕರಣ, ಯಂತ್ರದೊಡನೆ ಸಿಡಿಯಲ್ಲಿ ಬಂದ ನಿಯಂತ್ರಣ ತಂತ್ರಾಂಶ ಇಂಥವೆಲ್ಲ ಸಾದಾ ಮಾನಿಟರ್ ಮೇಲೆಯೇ ಚೆನ್ನ. ಅಗ್ಗದ ಪರದೆ ಗೆಲ್ಲುವ ಅಪರೂಪದ ಸಂದರ್ಭ ಇದು.

ಸಿಸ್ಟಮ್ ಎಂದಿದ್ದರೆ ಮುಖ್ಯ ಪರದೆ ಯಾವುದು ಎಂಬುದು ನಿರ್ಣಾಯಕ. ಮಾನಿಟರ್ ಮುಖ್ಯವಾಗಿದ್ದಾಗ ಸೈನ್ ಇನ್ ಆಗಿದ್ದರೆ ತಂತ್ರಾಂಶ 100% ಅಳತೆಯಲ್ಲಿ ಬರೆಯುತ್ತದೆ. ಲ್ಯಾಪ್‌ಟಾಪ್ ಮೇಲೆ ಅದನ್ನು ಎರಡು ಪಟ್ಟು ಎಳೆದಾಗ ಭಾರಿ ಮಸುಕು. ಲ್ಯಾಪ್‌ಟಾಪ್ ಮುಖ್ಯವಾಗಿದ್ದರೆ 200%ರಲ್ಲಿ ಬರೆದದ್ದು ಮಾನಿಟರ್ ಮೇಲೆ ಅರ್ಧಕ್ಕೆ ಕುಗ್ಗುತ್ತದೆ. ಸ್ವಲ್ಪ ಮೆತ್ತಗಾದರೂ ಓದಬಹುದು. ಕುಗ್ಗಿಸುವಾಗ ಇರುವ ಪಿಕ್ಸೆಲ್ ಬಿಸಾಡಿದರಾಯಿತು, ಹಿಗ್ಗಿಸುವಾಗ ಇಲ್ಲದ್ದನ್ನು ಹುಟ್ಟಿಸಬೇಕು. ಆ ತಂತ್ರಾಂಶವನ್ನು ನೀವು ದಿನವಿಡೀ ಎಲ್ಲಿ ಇಟ್ಟುಕೊಳ್ಳುತ್ತೀರೋ ಆ ಪರದೆಯನ್ನು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ 'ಮೇನ್ ಡಿಸ್‌ಪ್ಲೇ' ಮಾಡಿ, ನಂತರ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಿ. ಸೈನ್ ಔಟ್ ಆಗದಿದ್ದರೆ ಬದಲಾವಣೆ ಈ ತಂತ್ರಾಂಶಗಳಿಗೆ ತಲುಪದೇ ಇರಬಹುದು. ಬೆಳಿಗ್ಗೆ ಮನೆಯಲ್ಲಿ ಆನ್ ಮಾಡಿದ ಲ್ಯಾಪ್‌ಟಾಪನ್ನು ನಿದ್ರೆಗೆ ಕಳಿಸಿ, ಆಫೀಸಿನಲ್ಲಿ ಡಾಕ್‌ಗೆ ಸಿಕ್ಕಿಸಿದಾಗ ನಿನ್ನೆ ಸರಿಯಿದ್ದದ್ದು ಇವತ್ತು ಮಸುಕಾಗುವುದು ಇದಕ್ಕೇ.

ಇನ್ನೊಂದು ದಾರಿ ತಂತ್ರಾಂಶಕ್ಕೊಂದು ವಿನಾಯಿತಿ. ಅದರ ಇಎಕ್ಸ್‌ಇ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'. ಕೆಳಗಿನ 'ಓವರ್‌ರೈಡ್' ಚೌಕಕ್ಕೆ ಗುರುತು ಹಾಕಿದರೆ ಮೂರು ಆಯ್ಕೆ. 'ಅಪ್ಲಿಕೇಶನ್' ಎಂದರೆ ವಿಂಡೋಸ್ ಎಳೆಯುವುದನ್ನು ಬಿಡುತ್ತದೆ. ಅಕ್ಷರ ಚೂಪಾಗುತ್ತದೆ, ಆದರೆ ಸ್ಕೇಲ್ ತಿಳಿಯದ ತಂತ್ರಾಂಶ ಲ್ಯಾಪ್‌ಟಾಪ್ ಮೇಲೆ ಇರುವೆ ಗಾತ್ರಕ್ಕೆ ಇಳಿಯುತ್ತದೆ. 'ಸಿಸ್ಟಮ್' ಎಂದರೆ ಬಲವಂತವಾಗಿ ಎಳೆಯುತ್ತದೆ: ಮಸುಕು, ಆದರೆ ಸರಿಯಾದ ಗಾತ್ರ. 'ಸಿಸ್ಟಮ್ ಎನ್‌ಹ್ಯಾನ್ಸ್ಡ್' ಎಂದರೆ ಜಿಡಿಐ ಎಂಬ ಹಳೆಯ ವಿಧಾನದಲ್ಲಿ ಬರೆಯುವ ತಂತ್ರಾಂಶಗಳ ಅಕ್ಷರಗಳನ್ನು ವಿಂಡೋಸ್ ತಾನೇ ದೊಡ್ಡ ಗಾತ್ರದಲ್ಲಿ ಹೊಸದಾಗಿ ಬರೆಯುತ್ತದೆ, ಚಿತ್ರಗಳನ್ನು ಮಾತ್ರ ಎಳೆಯುತ್ತದೆ. ಹಳೆಯ ಆಫೀಸು ತಂತ್ರಾಂಶಗಳಿಗೆ ಮೊದಲು ಇದನ್ನೇ ಹಾಕಿ ನೋಡುವುದು ಒಳ್ಳೆಯದು. ಡೈರೆಕ್ಟ್‌ಎಕ್ಸ್ ಎಂಬ ಬೇರೆ ವಿಧಾನದಲ್ಲಿ ಬರೆಯುವವಕ್ಕೆ ಇದರಿಂದ ಉಪಯೋಗವಿಲ್ಲ. ಜಾವಾ 8ರಲ್ಲಿ ಓಡುವ ಉಪಕರಣಗಳ ಕಥೆ ಉಲ್ಟಾ. ಅವು ಮಸುಕಾಗುವ ಬದಲು ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತವೆ. ವಿಂಡೋಸ್ ಮತ್ತು ಲಿನಕ್ಸ್ ಮೇಲೆ ಜಾವಾಗೆ ಈ ತಿಳಿವಳಿಕೆ ಬಂದದ್ದು 2017ರ 9ನೇ ಆವೃತ್ತಿಯಲ್ಲಿ. ಅಂಥವಕ್ಕೆ ಜಾವಾದ ಇಎಕ್ಸ್‌ಇ ಮೇಲೆಯೇ 'ಸಿಸ್ಟಮ್' ಹಾಕಬೇಕು.

'ಕಸ್ಟಮ್ ಸ್ಕೇಲಿಂಗ್' ಎಂಬ ಪೆಟ್ಟಿಗೆಯನ್ನು ಮುಟ್ಟಬೇಡಿ. ಅದರಲ್ಲಿ ಬರೆದ ಸಂಖ್ಯೆ ಎಲ್ಲ ಪರದೆಗಳ ಮೇಲೂ ಹೇರಿಕೆಯಾಗುತ್ತದೆ, ನಾವು ಇಷ್ಟು ಹೊತ್ತು ಮಾಡಿದ್ದಕ್ಕೆ ಅದು ನೇರ ವಿರುದ್ಧ.

ಇನ್ನು ಸಿಕ್ಕಿಕೊಳ್ಳುವ ಮೌಸ್. ವಿಂಡೋಸ್ ಪರದೆಗಳನ್ನು ಅಕ್ಕಪಕ್ಕ ಜೋಡಿಸುವುದು ಪಿಕ್ಸೆಲ್ ಲೆಕ್ಕದಲ್ಲಿ, ಸೆಂಟಿಮೀಟರಿನಲ್ಲಲ್ಲ. ಆದ್ದರಿಂದ ಡಿಸ್‌ಪ್ಲೇ ಸೆಟ್ಟಿಂಗ್‌ನ ಚಿತ್ರದಲ್ಲಿ 19 ಸೆಂಟಿಮೀಟರ್ ಎತ್ತರದ ಲ್ಯಾಪ್‌ಟಾಪ್ ದೊಡ್ಡ ಚೌಕ, 30 ಸೆಂಟಿಮೀಟರ್ ಎತ್ತರದ ಮಾನಿಟರ್ ಚಿಕ್ಕ ಚೌಕ. ಲ್ಯಾಪ್‌ಟಾಪಿನ ಅಂಚಿನ 1800 ಸಾಲುಗಳಲ್ಲಿ 1080ಕ್ಕೆ ಮಾತ್ರ ಆಚೆ ಬಾಗಿಲಿದೆ. ಉಳಿದ 720 ಸಾಲು, ಅಂದರೆ ಅಂಚಿನ 40%, ಮುಚ್ಚಿದ ದಾರಿ. ಆ ಚೌಕಗಳನ್ನು ಮೌಸ್‌ನಿಂದ ಎಳೆದು, ನೀವು ಹೆಚ್ಚಾಗಿ ದಾಟುವ ಎತ್ತರದಲ್ಲಿ ಅವು ತಾಗಿರುವಂತೆ ಕೂರಿಸಿ. ವಿಂಡೋಸ್ 11ರಲ್ಲಿ 'ಮಲ್ಟಿಪಲ್ ಡಿಸ್‌ಪ್ಲೇಸ್' ಅಡಿಯಲ್ಲಿ 'ಈಸ್ ಕರ್ಸರ್ ಮೂವ್‌ಮೆಂಟ್' ಎಂಬ ಆಯ್ಕೆ ಇದೆ. ಅದು ಆನ್ ಇದ್ದರೆ ಮುಚ್ಚಿದ ಜಾಗದಿಂದಲೂ ಬಾಣ ಜಾರಿ ದಾಟುತ್ತದೆ.

ಮ್ಯಾಕ್: ಗಲಾಟೆ ಕಡಿಮೆ, ಆಯ್ಕೆಯೂ ಕಡಿಮೆ

2012ರಲ್ಲಿ 'ರೆಟಿನಾ' ಎಂಬ ಚೂಪು ಪರದೆಯ ಮ್ಯಾಕ್‌ಬುಕ್ ಪ್ರೊ ಬಂದಾಗಲೇ ಆ್ಯಪಲ್ ಇದನ್ನು ಸರಳ ಮಾಡಿಬಿಟ್ಟಿತು. ತಂತ್ರಾಂಶಗಳಿಗೆ ಸ್ಕೇಲ್ ಒಂದು ಅಥವಾ ಎರಡು, ಮಧ್ಯದ್ದು ಇಲ್ಲ. ಮಧ್ಯದ ಗಾತ್ರ ಬೇಕಾದರೆ ಎರಡರಲ್ಲಿ ಬರೆದು ಕೊನೆಗೆ ಇಡೀ ಪರದೆಯನ್ನು ಕುಗ್ಗಿಸಲಾಗುತ್ತದೆ. 27 ಇಂಚಿನ 4ಕೆ ಮಾನಿಟರ್‌ನಲ್ಲಿ '2560×1440ರಂತೆ ಕಾಣಲಿ' ಎಂದರೆ ಮ್ಯಾಕ್ ಒಳಗೊಳಗೆ 5120×2880 ಚಿತ್ರ ಬರೆದು 3840×2160ಕ್ಕೆ ಇಳಿಸುತ್ತದೆ. ವಿಂಡೋ ಪರದೆ ಬದಲಿಸಿದಾಗ ತಂತ್ರಾಂಶ ತಕ್ಷಣ ಒಂದರಿಂದ ಎರಡಕ್ಕೆ ಹೊರಳುತ್ತದೆ. ಸೈನ್ ಔಟ್ ಗೋಜಿಲ್ಲ. ಪರದೆಗಳ ಜೋಡಣೆಯೂ ಪಿಕ್ಸೆಲ್ ಸಂಖ್ಯೆಯನ್ನು ಸ್ಕೇಲ್‌ನಿಂದ ಭಾಗಿಸಿದ ಲೆಕ್ಕದಲ್ಲಿ ನಡೆಯುವುದರಿಂದ ಮೌಸ್ ಸಿಕ್ಕಿಕೊಳ್ಳುವುದು ಕಡಿಮೆ.

ಮ್ಯಾಕ್ ಬಳಸುವವರ ದೂರು ಬೇರೆ: 1080ಪಿ ಮಾನಿಟರ್ ಮೇಲೆ ಅಕ್ಷರ ಪೇಲವ. 2018ರ ಮೊಹಾವಿ ಆವೃತ್ತಿಯಲ್ಲಿ ಆ್ಯಪಲ್ ಉಪಪಿಕ್ಸೆಲ್ ವಿಧಾನವನ್ನು ಕೈಬಿಟ್ಟಿತು. ಒಂದು ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಕ್ಷರದ ಅಂಚನ್ನು ಚೂಪು ಮಾಡುವ ವಿಧಾನ ಅದು; ವಿಂಡೋಸ್‌ನ ಕ್ಲಿಯರ್‌ಟೈಪ್ ಅದನ್ನೇ ಮಾಡುತ್ತದೆ. ಮ್ಯಾಕ್‌ಬುಕ್ ಪ್ರೊನ 254 ಪಿಪಿಐ ಪರದೆಗೆ ಅದರ ಹಂಗಿಲ್ಲ, 92 ಪಿಪಿಐ ಪರದೆಗೆ ಅದು ಹೋದದ್ದು ಎದ್ದು ಕಾಣುತ್ತದೆ. ಟರ್ಮಿನಲ್‌ನ 'ಡಿಫಾಲ್ಟ್ಸ್' ಆಜ್ಞೆಯಿಂದ 'ಆ್ಯಪಲ್ ಫಾಂಟ್ ಸ್ಮೂದಿಂಗ್' ಬೆಲೆಯನ್ನು 0ರಿಂದ 3ರವರೆಗೆ ಬದಲಿಸಿದರೆ ಅಕ್ಷರದ ದಪ್ಪ ಬದಲಾಗುತ್ತದೆ, ಅಷ್ಟೆ. ಕಳೆದುಹೋದದ್ದು ಮರಳುವುದಿಲ್ಲ. ನೇರವಾಗಿ ಹೇಳುವುದಾದರೆ, ದಿನಕ್ಕೆ ಎಂಟು ಗಂಟೆ ಅಕ್ಷರ ನೋಡುವ ಮ್ಯಾಕ್ ಬಳಕೆದಾರರಿಗೆ 1080ಪಿ ಮಾನಿಟರ್ ತಕ್ಕದ್ದಲ್ಲ. ಸ್ಪ್ರೆಡ್‌ಶೀಟ್, ಚಾಟ್, ವಿಡಿಯೊ ಅದರ ಮೇಲೆ ಹರಡಿಕೊಂಡು, ಬರೆಯುವ ಓದುವ ಕೆಲಸ ಲ್ಯಾಪ್‌ಟಾಪ್ ಪರದೆಯಲ್ಲಿ ಇಟ್ಟುಕೊಳ್ಳಬಹುದು.

ಲಿನಕ್ಸ್: ಮೊದಲು ಸೆಷನ್ ಯಾವುದೆಂದು ನೋಡಿ

ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ಎರಡು: ಹಳೆಯ ಎಕ್ಸ್11 (ಎಕ್ಸ್‌ಆರ್ಗ್ ಎಂದೂ ಬರೆದಿರಬಹುದು), ಹೊಸ ವೇಲ್ಯಾಂಡ್. ಲಾಗಿನ್ ಪರದೆಯ ಗಾಲಿ ಚಿಹ್ನೆ ಒತ್ತಿದರೆ ಸಾಮಾನ್ಯವಾಗಿ ಯಾವುದೆಂದು ಕಾಣುತ್ತದೆ. ಎಕ್ಸ್11ರಲ್ಲಿ ಅಕ್ಷರದ ಡಿಪಿಐ ಇಡೀ ಸೆಷನ್‌ಗೆ ಒಂದೇ ಸಂಖ್ಯೆ. ಲ್ಯಾಪ್‌ಟಾಪಿಗೆ ಸರಿಮಾಡಿದರೆ ಮಾನಿಟರ್‌ನಲ್ಲಿ ಎಲ್ಲವೂ ದೈತ್ಯಾಕಾರ. ಇದಕ್ಕೆ ಹಳಬರು ಬಳಸುವ ಉಪಾಯ ಎಕ್ಸ್‌ರ್ಯಾಂಡರ್ ಆಜ್ಞೆಯ ಸ್ಕೇಲ್: ಎಲ್ಲವನ್ನೂ 200%ರಲ್ಲೇ ಬರೆಯಿಸಿ, ಮಾನಿಟರ್‌ನ ಔಟ್‌ಪುಟ್‌ಗೆ 2×2 ಸ್ಕೇಲ್ ಕೊಡುವುದು. ಆಗ 1920×1080 ಮಾನಿಟರ್ ತಾನು 3840×2160 ಎಂಬಂತೆ ನಟಿಸುತ್ತದೆ, ಚಿತ್ರ ಅರ್ಧಕ್ಕೆ ಕುಗ್ಗಿ ಬರುತ್ತದೆ. ಅಕ್ಕಪಕ್ಕ ಇಟ್ಟರೆ ಒಟ್ಟು ಫ್ರೇಮ್‌ಬಫರ್, ಅಂದರೆ ಎರಡೂ ಪರದೆ ಸೇರಿದ ಚಿತ್ರದ ಅಳತೆ, 6720×2160 ಇರಬೇಕು. ಮಾನಿಟರ್‌ನ ಸ್ಥಾನವನ್ನು 2880ರಿಂದ ಶುರುಮಾಡಬೇಕು. ಈ ಸಂಖ್ಯೆ ತಪ್ಪಿದರೆ ಪರದೆಗಳು ಒಂದರ ಮೇಲೊಂದು ಬೀಳುತ್ತವೆ. ಬಾಣ ಮಾನಿಟರ್‌ನ ಪೂರ್ತಿ ಜಾಗಕ್ಕೆ ಹೋಗದಿದ್ದರೆ ಪ್ಯಾನಿಂಗ್ ಅಳತೆಯನ್ನೂ 3840×2160 ಎಂದು ಕೊಡಿ. ಮಾನಿಟರ್‌ಗಾಗಿ ಬರೆಯುವ ಪಿಕ್ಸೆಲ್ ನಾಲ್ಕು ಪಟ್ಟಾಗುವುದರಿಂದ ಬಡಪಾಯಿ ಗ್ರಾಫಿಕ್ಸ್ ಇದ್ದರೆ ತಡವರಿಕೆ ಕಾಣುತ್ತದೆ.

ವೇಲ್ಯಾಂಡ್‌ನಲ್ಲಿ ಪರದೆಗೊಂದು ಸ್ಕೇಲ್ ಮೂಲದಲ್ಲೇ ಇದೆ. 200 ಮತ್ತು 100 ಜೋಡಿಗೆ ಸೆಟ್ಟಿಂಗ್ಸ್‌ನಲ್ಲಿ ಎರಡು ಸಂಖ್ಯೆ ಆರಿಸಿದರೆ ಮುಗಿಯಿತು. 150% ತರಹದ ಭಿನ್ನಾಂಕ ಬೇಕಾದಾಗ ಮಾತ್ರ ಜಟಿಲ. ತಂತ್ರಾಂಶಕ್ಕೆ ನಿಖರ ಭಿನ್ನಾಂಕ ತಿಳಿಸುವ ಪ್ರೋಟೊಕಾಲ್ ಬಂದದ್ದು 2022ರ ಕೊನೆಯಲ್ಲಿ. ಅದನ್ನು ಬಳಸದ ತಂತ್ರಾಂಶಗಳು ಮ್ಯಾಕ್ ರೀತಿಯಲ್ಲೇ ಎರಡರಲ್ಲಿ ಬರೆದು ಕುಗ್ಗುತ್ತವೆ. ಇನ್ನೂ ಎಕ್ಸ್11ಗಾಗಿ ಬರೆದ ತಂತ್ರಾಂಶಗಳು ವೇಲ್ಯಾಂಡ್‌ನೊಳಗೆ ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ಓಡುತ್ತವೆ, ಮಸುಕಾಗುವವು ಬಹುತೇಕ ಇವೇ. ಲಿನಕ್ಸ್‌ನ ಎರಡು ಪ್ರಮುಖ ಡೆಸ್ಕ್‌ಟಾಪ್‌ಗಳ ಪೈಕಿ ಕೆಡಿಇ ಪ್ಲಾಸ್ಮಾದಲ್ಲಿ 5.26ರಿಂದ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಇವಕ್ಕೆ 'ತಂತ್ರಾಂಶವೇ ಸ್ಕೇಲ್ ಮಾಡಿಕೊಳ್ಳಲಿ' ಎಂಬ ಆಯ್ಕೆ ಇದೆ. ಇನ್ನೊಂದಾದ ಗ್ನೋಮ್‌ನ 47ರಲ್ಲಿ ಅಂಥದ್ದೇ ಪ್ರಾಯೋಗಿಕ ಸೌಲಭ್ಯ ಬಂತು.

ಕನ್ನಡ ಓದುವವರಿಗೆ ಒಂದು ಹೆಚ್ಚಿನ ತೊಡಕು

ವಿಂಡೋಸ್ ಮೆನುಗಳ ಸಾಮಾನ್ಯ ಅಕ್ಷರ 9 ಪಾಯಿಂಟ್. 100%ರಲ್ಲಿ ಅದಕ್ಕೆ ಸಿಗುವುದು 12 ಪಿಕ್ಸೆಲ್ ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. 'ರಾಷ್ಟ್ರ', 'ಸ್ತ್ರೀ' ಎಂದು ಬರೆಯುವಾಗ ಅಕ್ಷರ, ಅದರ ಕೆಳಗೆ ಒತ್ತು, ಪಕ್ಕದಲ್ಲಿ ಇನ್ನೊಂದು ಒತ್ತು, ಮೇಲೆ ಗುಣಿತ ಎಲ್ಲವೂ ಅಷ್ಟರಲ್ಲೇ ತುರುಕಬೇಕು. ಒತ್ತಿಗೆ ಉಳಿಯುವುದು ಮೂರೋ ನಾಲ್ಕೋ ಪಿಕ್ಸೆಲ್. ಲ್ಯಾಪ್‌ಟಾಪಿನಲ್ಲಿ ಇದೇ ಪದಕ್ಕೆ 24 ಪಿಕ್ಸೆಲ್ ಇರುವುದರಿಂದ ಸಮಸ್ಯೆ ಗೊತ್ತೇ ಆಗುವುದಿಲ್ಲ. ಮಾನಿಟರ್‌ನ ಸ್ಕೇಲನ್ನು 125%ಕ್ಕೆ ಏರಿಸಬಹುದು, ಆದರೆ ಕೆಲಸದ ಜಾಗ 1536×864ರಷ್ಟಕ್ಕೆ ಇಳಿಯುತ್ತದೆ. ಅದಕ್ಕಿಂತ ಬ್ರೌಸರ್‌ನಲ್ಲಿ ಕನ್ನಡ ತಾಣಗಳಿಗೆ ಮಾತ್ರ 120%ರ ಆಸುಪಾಸು ಝೂಮ್ ಇಟ್ಟು, ವರ್ಡ್‌ನಲ್ಲಿ ಪುಟದ ಝೂಮ್ ಹೆಚ್ಚಿಸಿಕೊಳ್ಳುವುದು ಲೇಸು. ಜೊತೆಗೆ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಹುಡುಕಿ ಹೊಂದಿಕೆ ಉಪಕರಣ ಓಡಿಸಿ. ಅದು ಪ್ರತಿ ಪರದೆಗೂ ಬೇರೆಯಾಗಿ ಮಾದರಿ ತೋರಿಸಿ ಕೇಳುತ್ತದೆ. ಮಾನಿಟರನ್ನು ಉದ್ದಕ್ಕೆ ತಿರುಗಿಸಿ ಇಟ್ಟವರಿಗೆ ಅಕ್ಷರದ ಸುತ್ತ ಬಣ್ಣದ ಗೆರೆ ಕಂಡರೆ ಆಶ್ಚರ್ಯವಿಲ್ಲ: ಪಿಕ್ಸೆಲ್‌ನೊಳಗೆ ಅಕ್ಕಪಕ್ಕ ಇದ್ದ ಬಣ್ಣದ ಪಟ್ಟಿಗಳು ಈಗ ಮೇಲೆ ಕೆಳಗೆ ಆಗಿವೆ.

ಆನ್‌ಲೈನ್ ಮೀಟಿಂಗ್‌ನಲ್ಲಿ ಪರದೆ ಹಂಚುವಾಗ ಸಾದಾ ಮಾನಿಟರನ್ನೇ ಹಂಚಿ. 2880×1800 ಚಿತ್ರ ನೋಡುಗರ ಚಿಕ್ಕ ಪರದೆಗೆ ಕುಗ್ಗಿ, ಸಂಕುಚನಗೊಂಡು ತಲುಪುವಷ್ಟರಲ್ಲಿ ಅಂಕಿಗಳು ಅಳಿಸಿಹೋಗಿರುತ್ತವೆ. ಸ್ಕ್ರೀನ್‌ಶಾಟ್‌ನದ್ದು ಇದೇ ಲೆಕ್ಕ: ಲ್ಯಾಪ್‌ಟಾಪಿನಲ್ಲಿ ತೆಗೆದದ್ದನ್ನು ದಾಖಲೆಗೆ ಅಂಟಿಸಿದಾಗ ಎರಡು ಪಟ್ಟು ದೊಡ್ಡದಾಗಿ ಕಂಡರೆ ಅಳತೆ 50% ಮಾಡಿ.

ಇಷ್ಟೆಲ್ಲ ಮಾಡಿಯೂ ಮಾನಿಟರ್ ಮೇಲೆ ಎಲ್ಲ ತಂತ್ರಾಂಶವೂ ಒಂದೇ ಸಮ ಮಸುಕಾಗಿದ್ದರೆ ಆಗ ಕೇಬಲ್ ಕಡೆ ನೋಡಿ. ಮಾನಿಟರ್‌ನ ಸ್ವಂತ ಮೆನು ತೆರೆದರೆ ಒಳಬರುತ್ತಿರುವ ರೆಸಲ್ಯೂಶನ್ ಕಾಣುತ್ತದೆ. ಅದು ಮಾನಿಟರ್‌ನ ಸಹಜ ಸಂಖ್ಯೆಯೇ ಆಗಿರಬೇಕು. ಹದಿನೆಂಟೂವರೆ ಇಂಚಿನ ಹಳೆಯ ಮಾನಿಟರ್‌ಗಳದ್ದು ಸಾಮಾನ್ಯವಾಗಿ 1366×768. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಪುಟ್ಟ ಅಡಾಪ್ಟರ್ ಮಧ್ಯೆ ಇದ್ದರೆ ಸಂಕೇತ ಅನಲಾಗ್ ಆಗಿ ಅಕ್ಷರದ ಪಕ್ಕ ನೆರಳು ಮೂಡುತ್ತದೆ. ಮಾನಿಟರ್‌ನ 'ಆಟೊ' ಬಟನ್ ಒತ್ತಿದರೆ ಒಂದಿಷ್ಟು ಸರಿಹೋಗುತ್ತದೆ, ಡಿಜಿಟಲ್ ಪೋರ್ಟ್ ಇದ್ದರೆ ಅದಕ್ಕೆ ಬದಲಿಸುವುದೇ ನಿಜವಾದ ಪರಿಹಾರ. ಎಚ್‌ಡಿಎಂಐನಲ್ಲಿ ಕೆಂಪು ನೀಲಿ ಅಕ್ಷರಗಳು ಮಾತ್ರ ಕಲಸಿದಂತಿದ್ದರೆ ಮಾನಿಟರನ್ನು ಟಿವಿ ಎಂದು ತಿಳಿದು ಬಣ್ಣದ ವಿವರವನ್ನು ಕಡಿಮೆ ಮಾಡಿ ಕಳಿಸಲಾಗುತ್ತಿದೆ. ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ನಿಯಂತ್ರಣ ಫಲಕಕ್ಕೆ ಹೋಗಿ ಬಣ್ಣದ ಮಾದರಿಯನ್ನು ಆರ್‌ಜಿಬಿ, 'ಫುಲ್' ಮಾಡಿ. ಮ್ಯಾಕ್‌ನಲ್ಲಿ ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಹಾಕಿದರೆ ಸಾಮಾನ್ಯವಾಗಿ ಈ ಕಾಟ ಇರುವುದಿಲ್ಲ.

ಹೊಸ ಮಾನಿಟರ್ ಕೊಳ್ಳುವ ಯೋಚನೆಯಿದ್ದರೆ ಸಾಂದ್ರತೆಯ ಲೆಕ್ಕವನ್ನು ಅಂಗಡಿಯಲ್ಲೇ ಮಾಡಿ. 27 ಇಂಚಿನ 2560×1440 ಎಂದರೆ 109 ಪಿಪಿಐ. ಮೂರೂ ವ್ಯವಸ್ಥೆಗಳಲ್ಲಿ 100%ಕ್ಕೆ ಹೊಂದುತ್ತದೆ, ಮ್ಯಾಕ್‌ಗೂ ಸಹ್ಯ. 27 ಇಂಚಿನ 4ಕೆ 163 ಪಿಪಿಐ. ವಿಂಡೋಸ್‌ನಲ್ಲಿ 150% ಇಟ್ಟು ಹಾಯಾಗಿ ಬಳಸಬಹುದು, ಮ್ಯಾಕ್‌ನಲ್ಲಿ ಬರೆದು ಕುಗ್ಗಿಸುವ ಕೆಲಸ ತಪ್ಪದು. 27 ಇಂಚಿನ 1080ಪಿಯನ್ನು ಬೆಲೆ ನೋಡಿ ತರಬೇಡಿ. 24 ಇಂಚಿನಲ್ಲಿರುವಷ್ಟೇ ಪಿಕ್ಸೆಲ್ ಅದರಲ್ಲೂ ಇರುವುದು.